ಸಿಮ್ಯುಲೇಟರ್‌ನಲ್ಲಿ 1 ಸೆಕೆಂಡ್ ಹೋಗಿ 16 ಸೆಕೆಂಡ್ ಆಗುವುದೇಕೆ?

ಪ್ರಶ್ನೆ: ಪ್ರೋಟಿಯಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರ್‌ನಲ್ಲಿ ಅಟ್‌ಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್ ಇಟ್ಟು ಅದಕ್ಕೆ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಜೋಡಿಸಿದ್ದೇನೆ. ಎಲ್‌ಇಡಿ 1 ಸೆಕೆಂಡಿಗೊಮ್ಮೆ ಬದಲಾಗಬೇಕು, ಆದರೆ 16 ಸೆಕೆಂಡ್ ಹಿಡಿಯುತ್ತಿದೆ. ಸೀರಿಯಲ್ ಟರ್ಮಿನಲ್‌ನಲ್ಲಿ ಬರೀ ಕಸ. ಕ್ರಿಸ್ಟಲ್ ವ್ಯಾಲ್ಯೂ 8 ಮಾಡಿದೆ, 20 ಮಾಡಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಕೋಡಿನ ಡಿಲೇಗಳನ್ನೆಲ್ಲ (ಕಾಯುವ ಸಮಯಗಳನ್ನು) 16ರಿಂದ ಭಾಗಿಸಿದೆ, ಎಲ್‌ಇಡಿ ಸರಿಯಾಯಿತು, ಸೀರಿಯಲ್ ಮಾತ್ರ ಆಗಲಿಲ್ಲ. ಭಾಗಿಸುವ ಮೊದಲಿನ ಹೆಕ್ಸ್ ಫೈಲ್ (ಕಂಪೈಲ್ ಆದ ಪ್ರೋಗ್ರಾಮ್) ನಿಜವಾದ ಬೋರ್ಡಿನಲ್ಲಿ ಚೆನ್ನಾಗಿಯೇ ಓಡುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಡಿಲೇಗಳನ್ನು ಭಾಗಿಸಿದ್ದನ್ನು ವಾಪಸ್ ತೆಗೆಯಿರಿ. ನಿಮ್ಮ ಕೋಡಿನಲ್ಲಿ ತಪ್ಪಿಲ್ಲ. ಬೋರ್ಡಿನಲ್ಲಿ ಸರಿಯಾಗಿ ಓಡುತ್ತಿದೆ ಎಂದು ನೀವೇ ಬರೆದಿದ್ದೀರಿ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ತಪ್ಪು ಸಿಮ್ಯುಲೇಟರ್‌ನ ಸೆಟ್ಟಿಂಗ್‌ನಲ್ಲಿದೆ, ಮತ್ತು ನೀವು ಹೇಳಿದ ಆ 16 ಎಂಬ ಸಂಖ್ಯೆಯೇ ಅದು ಯಾವ ಸೆಟ್ಟಿಂಗ್ ಎಂದು ತೋರಿಸಿಕೊಡುತ್ತದೆ.

ಕ್ಲಾಕ್, ಅಂದರೆ ಚಿಪ್ ಓಡುವ ವೇಗದ ವಿಷಯದಲ್ಲಿ ಹೆಚ್ಚಿನವರು ಎಡವುವುದು ಅದು ಒಂದೇ ಕಡೆ ಇರುವ ಒಂದೇ ಸಂಖ್ಯೆ ಎಂದುಕೊಂಡು. ಹಾಗಿಲ್ಲ. ಕಂಪೈಲರ್‌ಗೆ ನೀವು ಹೇಳಿದ್ದು ಒಂದು ಸಂಖ್ಯೆ, ಅಂದರೆ ಎಫ್_ಸಿಪಿಯು. ಚಿಪ್‌ನ ಫ್ಯೂಸ್‌ಗಳು, ಅಂದರೆ ಚಿಪ್ ಒಳಗೇ ಉಳಿಯುವ ಸೆಟ್ಟಿಂಗ್ ಬಿಟ್‌ಗಳು, ಹೇಳುವುದು ಇನ್ನೊಂದು. ಸಿಮ್ಯುಲೇಟರ್‌ನ ಪ್ರಾಪರ್ಟಿಯಲ್ಲಿ ಕೂತಿರುವುದು ಮತ್ತೊಂದು. ಈ ಮೂರೂ ಒಬ್ಬರನ್ನೊಬ್ಬರು ಕೇಳುವುದಿಲ್ಲ. ಎಫ್_ಸಿಪಿಯು 16000000 ಎಂದು ಬರೆದರೆ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಓಡಲು ಶುರು ಮಾಡುತ್ತದೆ ಎಂದು ತುಂಬಾ ಜನ ನಂಬಿದ್ದಾರೆ, ಅದು ಬರೀ ಒಂದು ಮಾತು ಅಷ್ಟೆ, 'ಚಿಪ್ ಈ ವೇಗದಲ್ಲಿ ಓಡುತ್ತದೆ, ಅದನ್ನು ನಂಬಿ ಲೆಕ್ಕ ಹಾಕು' ಎಂದು ಕಂಪೈಲರ್‌ಗೆ ಕೊಟ್ಟ ಮಾತು. ಆ ಮಾತನ್ನು ಉಳಿಸಬೇಕಾದವರು ನೀವು.

ಈಗ ನಿಮ್ಮ ಕೇಸ್ ನೋಡೋಣ. ಅಟ್‌ಮೆಗಾ328ಪಿ ಕಾರ್ಖಾನೆಯಿಂದ ಹೊರಬರುವಾಗ ಅದರ ಕ್ಲಾಕ್ ಒಳಗಿನ 8 ಮೆಗಾಹರ್ಟ್ಸ್ ಆರ್‌ಸಿ ಆಸಿಲೇಟರ್ (ಕ್ರಿಸ್ಟಲ್ ಇಲ್ಲದೆ ಚಿಪ್ ತಾನೇ ಮಾಡಿಕೊಳ್ಳುವ ಕ್ಲಾಕ್). ಜೊತೆಗೆ ಸಿಕೆಡಿಐವಿ8 ಎಂಬ ಫ್ಯೂಸ್ ಆನ್ ಆಗಿರುತ್ತದೆ, ಅದು ಆ 8ನ್ನು ಮತ್ತೆ 8ರಿಂದ ಭಾಗಿಸುತ್ತದೆ. ಹಾಗಾಗಿ ಹೊಸ ಚಿಪ್ ಓಡುವುದು 1 ಮೆಗಾಹರ್ಟ್ಸ್‌ನಲ್ಲಿ. ಪ್ರೋಟಿಯಸ್ ಕೂಡ ಚಿಪ್ಪನ್ನು ಇದೇ ಸ್ಥಿತಿಯಲ್ಲಿ ನಿಮ್ಮ ಕೈಗೆ ಕೊಡುತ್ತದೆ. ನಿಮ್ಮ ಕೋಡ್ 16ಕ್ಕೆ ಲೆಕ್ಕ ಹಾಕಿದೆ, ಚಿಪ್ 1ರಲ್ಲಿ ಓಡುತ್ತಿದೆ, 16 ಪಟ್ಟು ನಿಧಾನ. ಲೆಕ್ಕ ಸರಿಹೋಯಿತಲ್ವಾ?

ಬೋರ್ಡಿನಲ್ಲಿ ಹೀಗೆ ಆಗದಿರುವುದಕ್ಕೆ ಕಾರಣ, ಅರ್ಡುಯಿನೊ ಯೂನೊ ತರಹದ ಬೋರ್ಡಿನ ಚಿಪ್‌ನಲ್ಲಿ ಫ್ಯೂಸ್‌ಗಳನ್ನು ಮೊದಲೇ ಬದಲಿಸಿ ಹೊರಗಿನ 16 ಮೆಗಾಹರ್ಟ್ಸ್‌ಗೆ ಹೊಂದಿಸಿರುತ್ತಾರೆ. ಲೋ ಫ್ಯೂಸ್ ಹೊಸ ಚಿಪ್‌ನಲ್ಲಿ ಹೆಕ್ಸ್ 62, ಯೂನೊದಲ್ಲಿ ಹೆಕ್ಸ್ ಎಫ್‌ಎಫ್. ನೀವು ಸಿಮ್ಯುಲೇಟರ್‌ಗೆ ಕೊಟ್ಟಿದ್ದು ಬರೀ ಹೆಕ್ಸ್ ಫೈಲ್, ಮಾಮೂಲಿ ಹೆಕ್ಸ್ ಫೈಲ್‌ನಲ್ಲಿ ಫ್ಯೂಸ್‌ಗಳ ಮಾಹಿತಿ ಇರುವುದಿಲ್ಲ. ಅದನ್ನು ಕೈಯಾರೆ ಹೇಳಬೇಕು.

ಇನ್ನು ಕ್ರಿಸ್ಟಲ್. ಪ್ರೋಟಿಯಸ್‌ನಲ್ಲಿ ಮೈಕ್ರೋಕಂಟ್ರೋಲರ್‌ಗೆ ಜೋಡಿಸಿದ ಕ್ರಿಸ್ಟಲ್ ನಕ್ಷೆಗೆ ಮಾತ್ರ, ಸಿಮ್ಯುಲೇಶನ್‌ಗೆ ಅದರಿಂದ ಏನೂ ಆಗುವುದಿಲ್ಲ. ಪಿಸಿಬಿ ಮಾಡುವಾಗ ಅದು ಬೇಕು, ಓದುವವರಿಗೆ ಅರ್ಥ ಆಗಲಿಕ್ಕೆ ಬೇಕು. ಆದರೆ ಸಿಮ್ಯುಲೇಟರ್ ಅದನ್ನು ಕಂಪಿಸುವ ವಸ್ತು ಎಂದು ಲೆಕ್ಕ ಹಾಕುತ್ತಾ ಕೂತರೆ ಸೆಕೆಂಡಿಗೆ ಕೋಟಿಗಟ್ಟಲೆ ಅನಲಾಗ್ ಲೆಕ್ಕ ಆಗಬೇಕು, ಯಾವ ಕಂಪ್ಯೂಟರೂ ತಡೆಯುವುದಿಲ್ಲ. ಅದಕ್ಕೇ ಚಿಪ್‌ನ ಮಾಡೆಲ್ ತನ್ನ ವೇಗವನ್ನು ತನ್ನ ಪ್ರಾಪರ್ಟಿಯಿಂದಲೇ ತೆಗೆದುಕೊಳ್ಳುತ್ತದೆ. ನೀವು ಕ್ರಿಸ್ಟಲ್ಲನ್ನು 8 ಮಾಡಿ, 20 ಮಾಡಿ, ಪೂರ್ತಿ ಕಿತ್ತೇ ಹಾಕಿದರೂ ಎಲ್‌ಇಡಿ ಅದೇ ವೇಗದಲ್ಲಿ ಮಿನುಗುತ್ತದೆ.

ಸರಿಪಡಿಸುವುದು ಹೀಗೆ. ಚಿಪ್ ಮೇಲೆ ಡಬಲ್ ಕ್ಲಿಕ್ ಮಾಡಿ. ಬರುವ ಪ್ರಾಪರ್ಟಿ ಕಿಟಕಿಯಲ್ಲಿ ಸಿಕೆಎಸ್‌ಇಎಲ್ ಫ್ಯೂಸಸ್ ಎಂಬ ಸಾಲು ಇದೆ, ಅಲ್ಲಿ ಒಳಗಿನ ಆರ್‌ಸಿ ಬದಲು ಎಕ್ಸ್‌ಟರ್ನಲ್ ಕ್ರಿಸ್ಟಲ್ ಎಂದಿರುವ ಹೆಚ್ಚಿನ ಫ್ರೀಕ್ವೆನ್ಸಿಯ ಆಯ್ಕೆ ತೆಗೆದುಕೊಳ್ಳಿ. ಅಡ್ವಾನ್ಸ್‌ಡ್ ಪ್ರಾಪರ್ಟೀಸ್‌ನಲ್ಲಿ ಕ್ಲಾಕ್ ಫ್ರೀಕ್ವೆನ್ಸಿ ಆರಿಸಿ 16 ಮೆಗಾಹರ್ಟ್ಸ್ ಎಂದು ತುಂಬಿ. ಇಷ್ಟಕ್ಕೇ ನಿಲ್ಲಿಸಬೇಡಿ. ಡಿವೈಡ್ ಬೈ 8 ಫ್ಯೂಸ್ ಇನ್ನೂ ಆನ್ ಆಗಿದ್ದರೆ 16ನ್ನೂ 8ರಿಂದ ಭಾಗಿಸಿ ಚಿಪ್ 2ರಲ್ಲಿ ಓಡುತ್ತದೆ, ಎಲ್‌ಇಡಿ 16 ಸೆಕೆಂಡ್ ಬದಲು 8 ಸೆಕೆಂಡಿಗೆ ಬರುತ್ತದೆ, 'ಸ್ವಲ್ಪ ಸುಧಾರಿಸಿತು' ಎಂದುಕೊಂಡು ನೀವು ಮತ್ತೆ ಎಲ್ಲೆಲ್ಲೋ ಹುಡುಕುತ್ತೀರಿ. ಆ ಫ್ಯೂಸನ್ನು ಅನ್‌ಪ್ರೋಗ್ರಾಮ್ಡ್ ಮಾಡಿ. ಎವಿಆರ್ (ನಿಮ್ಮ 328ಪಿ ಸೇರಿದ ಚಿಪ್ ಕುಟುಂಬ) ಫ್ಯೂಸ್‌ಗಳಲ್ಲಿ ಅರ್ಥ ತಿರುವುಮುರುವು ಎನ್ನುವುದು ನೆನಪಿರಲಿ: ಪ್ರೋಗ್ರಾಮ್ಡ್ ಅಂದರೆ ಬಿಟ್ 0, ಅಂದರೆ ಆ ಸೌಲಭ್ಯ ಚಾಲೂ. ಅನ್‌ಪ್ರೋಗ್ರಾಮ್ಡ್ ಅಂದರೆ ಬಿಟ್ 1, ಆಫ್.

ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಸೀರಿಯಲ್ ಭಾಗ. ಡಿಲೇ ಭಾಗಿಸಿದರೆ ಎಲ್‌ಇಡಿ ಸರಿಯಾಯಿತು, ಸೀರಿಯಲ್ ಯಾಕೆ ಆಗಲಿಲ್ಲ? 9600 ಬಾಡ್‌ಗೆ (ಸೆಕೆಂಡಿಗೆ 9600 ಬಿಟ್) ನಿಮ್ಮ ಕೋಡ್ ಎಫ್_ಸಿಪಿಯುವನ್ನು ನಂಬಿ, ಸೀರಿಯಲ್ ವೇಗ ನಿರ್ಧರಿಸುವ ಯುಬಿಆರ್‌ಆರ್ ರಿಜಿಸ್ಟರ್‌ಗೆ 103 ಹಾಕಿದೆ. 16 ಮೆಗಾಹರ್ಟ್ಸ್ ಇದ್ದಿದ್ದರೆ 16000000ವನ್ನು 16ರಿಂದ, ಮತ್ತೆ 103ಕ್ಕೆ 1 ಸೇರಿಸಿದ 104ರಿಂದ ಭಾಗಿಸಿ 9615 ಬರುತ್ತಿತ್ತು, 0.16 ಶೇಕಡಾ ವ್ಯತ್ಯಾಸ, ಏನೂ ತೊಂದರೆ ಇಲ್ಲ. ಚಿಪ್ 1ರಲ್ಲಿ ಓಡುತ್ತಿರುವುದರಿಂದ ಹೊರಗೆ ಬರುತ್ತಿರುವುದು 601 ಬಾಡ್. ಒಂದು ಬಿಟ್‌ಗೆ ಸುಮಾರು 1664 ಮೈಕ್ರೋಸೆಕೆಂಡ್. ಅತ್ತ ಟರ್ಮಿನಲ್ 9600ರಲ್ಲಿ ಕಾಯುತ್ತಿದೆ, ಅದರ ಪ್ರಕಾರ ಬಿಟ್ ಅಂದರೆ 104 ಮೈಕ್ರೋಸೆಕೆಂಡ್, ಸ್ಟಾರ್ಟ್‌ನಿಂದ ಸ್ಟಾಪ್‌ವರೆಗೆ 10 ಬಿಟ್‌ಗಳ ಒಂದು ಇಡೀ ಅಕ್ಷರ ಮುಗಿಯಲು ಸುಮಾರು 1040. ಅಂದರೆ ನಿಮ್ಮ ಚಿಪ್ ಕಳಿಸುವ ಸ್ಟಾರ್ಟ್ ಬಿಟ್ ಒಂದೇ, ಟರ್ಮಿನಲ್ ಎದುರು ನೋಡುವ ಇಡೀ ಅಕ್ಷರಕ್ಕಿಂತ ಉದ್ದ! ಆ ಅಕ್ಷರದಲ್ಲಿ ಬರೀ ಸೊನ್ನೆಗಳು, ಸ್ಟಾಪ್ ಬಿಟ್ ಇರಬೇಕಾದ ಜಾಗದಲ್ಲೂ ಸೊನ್ನೆ. ಕಸ ಬರದೆ ಇನ್ನೇನು ಬರುತ್ತದೆ.

ನಂಬಿಕೆ ಬರಲು ಒಂದು ಪುಟ್ಟ ಪ್ರಯೋಗ ಮಾಡಿ ನೋಡಿ. ಫ್ಯೂಸ್ ಬದಲಿಸುವ ಮೊದಲು, ಈಗಿರುವ ತಪ್ಪು ಸ್ಥಿತಿಯಲ್ಲೇ ಟರ್ಮಿನಲ್ಲನ್ನು 600 ಬಾಡ್‌ಗೆ ಇಳಿಸಿ. ಅಕ್ಷರಗಳು ನಿಧಾನವಾಗಿ, ಆದರೆ ಒಂದೊಂದೂ ಸ್ಪಷ್ಟವಾಗಿ ಬರುತ್ತವೆ. ಚಿಪ್ 1 ಮೆಗಾಹರ್ಟ್ಸ್‌ನಲ್ಲಿದೆ ಎನ್ನುವುದನ್ನು ಆಗ ನೀವು ಕಣ್ಣಾರೆ ನೋಡಿದ ಹಾಗೆ.

ಡಿಲೇ ಭಾಗಿಸುವುದನ್ನು ನಾನು ಇಷ್ಟು ಗಟ್ಟಿಯಾಗಿ ಬೇಡ ಎನ್ನುವುದಕ್ಕೂ ಕಾರಣ ಇದೇ. ಡಿಲೇ ಒಂದನ್ನೇ ತಿದ್ದಿದರೆ ಎಫ್_ಸಿಪಿಯು ನಂಬಿಕೊಂಡ ಉಳಿದದ್ದೆಲ್ಲ ತಪ್ಪಾಗಿಯೇ ಉಳಿಯುತ್ತದೆ: ಬಾಡ್ ರೇಟ್, ಟೈಮರ್, ಪಿಡಬ್ಲ್ಯುಎಂ, ಅರ್ಡುಯಿನೊದ ಮಿಲ್ಲಿಸ್ ಲೆಕ್ಕ ಎಲ್ಲವೂ. ಒಮ್ಮೆ ಒಬ್ಬ ವಿದ್ಯಾರ್ಥಿ ಹೀಗೇ ಸಿಮ್ಯುಲೇಟರ್‌ಗೆ ಹೊಂದುವ ಹಾಗೆ ಡಿಲೇ ತಿದ್ದಿದ ಕೋಡನ್ನು ಸ್ಟೆಪ್ಪರ್ ಮೋಟರ್ ಇದ್ದ ಬೋರ್ಡಿಗೆ ಹಾಕಿದ್ದ. ಮೋಟರ್ ತಿರುಗಲೇ ಇಲ್ಲ, ಸುಮ್ನೆ ಗುಂಯ್ ಎನ್ನುತ್ತಿತ್ತು. ಹೆಜ್ಜೆಗಳ ನಡುವಿನ ಸಮಯ 16ರಲ್ಲಿ ಒಂದು ಪಾಲಾಗಿತ್ತು, ಮೋಟರ್‌ಗೆ ಒಂದು ಹೆಜ್ಜೆ ಇಡುವುದರೊಳಗೆ ಮುಂದಿನ ಹೆಜ್ಜೆಯ ಆದೇಶ ಬರುತ್ತಿತ್ತು. ಅವನು ಡ್ರೈವರ್ ಐಸಿ ಸುಟ್ಟಿದೆ ಎಂದು ಎರಡು ಸಲ ಬದಲಿಸಿದ್ದ.

ಈಗ ಅಳೆಯುವ ವಿಷಯ. ಎಲ್‌ಇಡಿ ನೋಡುತ್ತಾ ಕೈಗಡಿಯಾರ ಹಿಡಿದು ಲೆಕ್ಕ ಹಾಕಬೇಡಿ. ಸಿಮ್ಯುಲೇಟರ್‌ನಲ್ಲಿ ಎರಡು ಸಮಯ ಇರುತ್ತದೆ, ಗೋಡೆಯ ಮೇಲಿನ ಸಮಯ ಒಂದು, ಸಿಮ್ಯುಲೇಶನ್ ಒಳಗಿನ ಸಮಯ ಇನ್ನೊಂದು. ನಕ್ಷೆ ಭಾರವಾದರೆ, ಅದರಲ್ಲೂ ಅನಲಾಗ್ ಭಾಗಗಳು ಅಥವಾ ಜಾಸ್ತಿ ಎಲ್‌ಇಡಿಗಳು ಇದ್ದರೆ, ಒಳಗಿನ 1 ಸೆಕೆಂಡ್ ಲೆಕ್ಕ ಮಾಡಲು ಕಂಪ್ಯೂಟರ್‌ಗೆ ಹೊರಗಿನ 5 ಸೆಕೆಂಡ್ ಬೇಕಾಗಬಹುದು. ಅದು ಕ್ಲಾಕ್ ತಪ್ಪಲ್ಲ. ಪ್ರೋಟಿಯಸ್‌ನಲ್ಲಿ ಕೆಳಗಿನ ಪಟ್ಟಿಯಲ್ಲಿ ಸಿಮ್ಯುಲೇಶನ್ ಸಮಯ ಓಡುತ್ತಿರುತ್ತದೆ, ಪಕ್ಕದಲ್ಲೇ ಸಿಪಿಯು ಲೋಡ್ ಶೇಕಡಾವಾರು ಕಾಣುತ್ತದೆ. ಆ ಪಟ್ಟಿಯ ಸಮಯವನ್ನೇ ನಂಬಿ. ಅದರ ಪ್ರಕಾರವೂ ಎಲ್‌ಇಡಿ 16 ಸೆಕೆಂಡ್ ತೆಗೆದುಕೊಂಡರೆ ತಪ್ಪು ಕ್ಲಾಕಿನದು. ಆ ಪಟ್ಟಿಯಲ್ಲಿ 1 ಸೆಕೆಂಡೇ ಇದ್ದು ನಿಮಗೆ ಮಾತ್ರ ನಿಧಾನ ಕಂಡರೆ ಕಂಪ್ಯೂಟರ್ ಸುಸ್ತಾಗಿದೆ, ಕ್ಲಾಕ್ ಮುಟ್ಟಬೇಡಿ. ಗುಣಿತ 16, 8, 4, 2 ಹೀಗೆ ಸ್ವಚ್ಛವಾಗಿ ಬರದೆ 3.7, ಆಮೇಲೆ 4.3 ಎಂದು ಅಲ್ಲಾಡುತ್ತಿದ್ದರೂ ಬಹುಪಾಲು ಇದೇ ಕಾರಣ.

ಅಳೆಯಲು ನಾನು ಯಾವಾಗಲೂ ಬಳಸುವ ಒಂದು ಉಪಾಯ ಇದೆ. ಡಿಲೇ ಬಳಸಿ ಅಳೆದರೆ ಎಫ್_ಸಿಪಿಯು ಮತ್ತು ಚಿಪ್ ಎರಡೂ ಸೇರಿಕೊಂಡುಬಿಡುತ್ತವೆ, ಯಾರು ತಪ್ಪು ಎಂದು ತಿಳಿಯುವುದಿಲ್ಲ. ಅದರ ಬದಲು ಹಾರ್ಡ್‌ವೇರ್ ಟೈಮರ್ ಒಂದನ್ನೇ ಓಡಿಸಿ. ಟೈಮರ್ 0 ತೆಗೆದುಕೊಳ್ಳಿ, ಸಿಟಿಸಿ ಮೋಡ್ (ಕೊಟ್ಟ ಸಂಖ್ಯೆ ತಲುಪಿದಾಗ ಮತ್ತೆ ಸೊನ್ನೆಯಿಂದ ಎಣಿಸುವುದು), ಪ್ರಿಸ್ಕೇಲರ್ (ಕ್ಲಾಕನ್ನು ಭಾಗಿಸುವ ಸಂಖ್ಯೆ) 64, ಓಸಿಆರ್0ಎ ರಿಜಿಸ್ಟರ್‌ಗೆ 124, ಪ್ರತಿ ಸಲ ಮ್ಯಾಚ್ ಆದಾಗ ಓಸಿ0ಎ ಪಿನ್ ತಾನೇ ಬದಲಾಗುವ ಹಾಗೆ ಮಾಡಿ. ಅದು ಪೋರ್ಟ್ ಡಿಯ 6ನೇ ಪಿನ್, ಔಟ್‌ಪುಟ್ ಮಾಡುವುದನ್ನು ಮರೆಯಬೇಡಿ. 124ಕ್ಕೆ 1 ಸೇರಿಸಿ 125, ಅದನ್ನು 64ರಿಂದ ಗುಣಿಸಿ, ಏರಿಳಿತ ಎರಡಕ್ಕೂ ಸೇರಿ 2ರಿಂದ ಗುಣಿಸಿದರೆ 16000. ಅಂದರೆ ಪಿನ್‌ನಲ್ಲಿ ಕಾಣುವುದು ಕ್ಲಾಕ್‌ನ 16000ದಲ್ಲಿ ಒಂದು ಪಾಲು. ಈ ಕೋಡಿನಲ್ಲಿ ಎಫ್_ಸಿಪಿಯು ಎಲ್ಲೂ ಬರುವುದೇ ಇಲ್ಲ, ಹಾಗಾಗಿ ಸುಳ್ಳು ಹೇಳಲು ಅದಕ್ಕೆ ದಾರಿಯೇ ಇಲ್ಲ. ಪ್ರೋಟಿಯಸ್‌ನ ಕೌಂಟರ್ ಟೈಮರ್ ಉಪಕರಣವನ್ನು ಫ್ರೀಕ್ವೆನ್ಸಿ ಮೋಡಿಗೆ ಹಾಕಿ ಆ ಪಿನ್‌ಗೆ ಜೋಡಿಸಿ. 1000 ಹರ್ಟ್ಸ್ ಸುತ್ತಮುತ್ತ ಕಂಡರೆ ಚಿಪ್ 16 ಮೆಗಾಹರ್ಟ್ಸ್‌ನಲ್ಲಿದೆ. 500 ಕಂಡರೆ 8ರಲ್ಲಿ. 62 ಕಂಡರೆ ಅದೇ ನಿಮ್ಮ ಈಗಿನ 1 ಮೆಗಾಹರ್ಟ್ಸ್.

ಚಿಪ್ ಸರಿ ಇದೆ ಎಂದು ಗೊತ್ತಾದ ಮೇಲೂ ಡಿಲೇ ತಪ್ಪಿದರೆ ಆಗ ಕಂಪೈಲರ್ ಕಡೆ ನೋಡಿ. ತಪ್ಪಿನ ದಿಕ್ಕು ಇಲ್ಲಿ ಸಹಾಯಕ್ಕೆ ಬರುತ್ತದೆ. ಎಲ್ಲವೂ ನಿಧಾನವಾಗಿದ್ದರೆ ಎಫ್_ಸಿಪಿಯು ನಿಜಕ್ಕಿಂತ ದೊಡ್ಡದು, ಎಲ್ಲವೂ ಅವಸರವಾಗಿದ್ದರೆ ಚಿಕ್ಕದು. ಎವಿಆರ್ ಜಿಸಿಸಿ ಕಂಪೈಲರ್‌ನಲ್ಲಿ ಮಾಮೂಲಿ ತಪ್ಪು ಎಂದರೆ ಎಫ್_ಸಿಪಿಯು ಡಿಫೈನ್ ಸಾಲನ್ನು ಡಿಲೇ ಹೆಡರ್ ಇನ್‌ಕ್ಲೂಡ್ ಆದ ನಂತರ ಬರೆಯುವುದು. ಆ ಹೆಡರ್‌ಗೆ ಎಫ್_ಸಿಪಿಯು ಸಿಗದಿದ್ದರೆ ಅದು 1 ಮೆಗಾಹರ್ಟ್ಸ್ ಎಂದು ತಾನೇ ತೀರ್ಮಾನಿಸಿ ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಆ ವಾರ್ನಿಂಗ್ ಯಾರೂ ಓದುವುದಿಲ್ಲ. ಓದಿ! ಎಫ್_ಸಿಪಿಯುವನ್ನು ಮೇಕ್‌ಫೈಲ್‌ನಲ್ಲಿ ಅಥವಾ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಒಂದೇ ಕಡೆ ಇಡುವುದು ಒಳ್ಳೆಯದು, ಆಗ ಒಂದು ಫೈಲ್‌ಗೆ 8, ಇನ್ನೊಂದಕ್ಕೆ 16 ಆಗುವ ಭಯ ಇಲ್ಲ. ಆಪ್ಟಿಮೈಸೇಶನ್ ಕೂಡ ಆನ್ ಇರಬೇಕು, ಅದು ಆಫ್ ಇದ್ದರೆ ಡಿಲೇ ಲೆಕ್ಕವೇ ತಪ್ಪುತ್ತದೆ.

ನೀವು ಕೇಳಿದ್ದು ಪ್ರೋಟಿಯಸ್, ಆದರೂ ಬೇರೆ ಸಿಮ್ಯುಲೇಟರ್ ಬಳಸುವವರೂ ಇದೇ ಕಷ್ಟದಲ್ಲಿರುತ್ತಾರೆ, ಅಲ್ಲಿ ಕಾರಣ ಬೇರೆ ಬೇರೆ.

ಮೈಕ್ರೋಚಿಪ್ ಸ್ಟುಡಿಯೋದ ಸಿಮ್ಯುಲೇಟರ್‌ನಲ್ಲೂ ಇದೇ 16 ಪಟ್ಟು ಕಾಣಿಸಬಹುದು, ಆದರೆ ಅಲ್ಲಿ ತಪ್ಪು ಬರೀ ತೋರಿಸುವುದರಲ್ಲಿ. ಪ್ರೋಸೆಸರ್ ಸ್ಟೇಟಸ್ ಕಿಟಕಿಯಲ್ಲಿ ಫ್ರೀಕ್ವೆನ್ಸಿ ಶುರುವಿಗೆ 1 ಮೆಗಾಹರ್ಟ್ಸ್ ಇರುತ್ತದೆ, ಸ್ಟಾಪ್ ವಾಚ್ ಆ ಸಂಖ್ಯೆಯಿಂದಲೇ ಸೈಕಲ್‌ಗಳನ್ನು ಸಮಯಕ್ಕೆ ಬದಲಿಸುತ್ತದೆ. 1 ಸೆಕೆಂಡ್ ಡಿಲೇಗೆ ಸೈಕಲ್ ಕೌಂಟರ್ 1 ಕೋಟಿ 60 ಲಕ್ಷ ತೋರಿಸುತ್ತಿದ್ದರೆ ಕೋಡ್ ಪಕ್ಕಾ ಸರಿ. ಡಿಬಗ್ ನಡೆಯುತ್ತಿರುವಾಗ ಆ ಫ್ರೀಕ್ವೆನ್ಸಿಯನ್ನು 16 ಮಾಡಿ, ಮುಗಿಯಿತು. ಯಾವ ಸಿಮ್ಯುಲೇಟರ್ ಆದರೂ ಅನುಮಾನ ಬಂದಾಗ ನಾನು ಮೊದಲು ನೋಡುವುದು ಸೈಕಲ್ ಕೌಂಟರ್. ಅದು ಎಣಿಸುತ್ತದೆ ಅಷ್ಟೆ, ಯಾರ ಸೆಟ್ಟಿಂಗನ್ನೂ ಕೇಳುವುದಿಲ್ಲ.

ಪಿಕ್ ಮೈಕ್ರೋಕಂಟ್ರೋಲರ್ ಬಳಸುವವರಿಗೆ ಕಾಡುವ ಸಂಖ್ಯೆ 4. 8 ಬಿಟ್ ಪಿಕ್ ಚಿಪ್‌ಗಳಲ್ಲಿ ಒಂದು ಇನ್‌ಸ್ಟ್ರಕ್ಷನ್ ಸೈಕಲ್‌ಗೆ 4 ಕ್ಲಾಕ್ ಬೇಕು. ಎಕ್ಸ್‌ಸಿ8 ಕಂಪೈಲರ್‌ನ _ಎಕ್ಸ್‌ಟಾಲ್_ಫ್ರೆಕ್‌ಗೆ ಕೊಡಬೇಕಾದ್ದು ಆಸಿಲೇಟರ್‌ನ ವೇಗ, 20 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ 20. ಆದರೆ ಎಂಪ್ಲ್ಯಾಬ್ ಎಕ್ಸ್‌ನ ಸಿಮ್ಯುಲೇಟರ್ ಕೇಳುವುದು ಇನ್‌ಸ್ಟ್ರಕ್ಷನ್ ಫ್ರೀಕ್ವೆನ್ಸಿ, ಅಲ್ಲಿ 5 ತುಂಬಬೇಕು. ಅಲ್ಲೂ 20 ಹಾಕಿದರೆ 1 ಸೆಕೆಂಡಿನ ಡಿಲೇ ಸ್ಟಾಪ್‌ವಾಚ್‌ನಲ್ಲಿ ಕಾಲು ಸೆಕೆಂಡ್ ಎಂದು ಕಾಣುತ್ತದೆ. ಹಳೆಯ ಎಂಪ್ಲ್ಯಾಬ್ 8ರಲ್ಲಿ ಕೇಳುತ್ತಿದ್ದುದು ಪ್ರೋಸೆಸರ್ ಫ್ರೀಕ್ವೆನ್ಸಿ, ಅಲ್ಲಿ 20 ಎಂದೇ ಹಾಕಬೇಕಿತ್ತು, ಹಾಗಾಗಿ ಹಳೆಯ ಪಾಠ ನೋಡಿ ಹೊಸದರಲ್ಲಿ ತುಂಬುವವರು ನೇರವಾಗಿ ಈ ಗುಂಡಿಗೆ ಬೀಳುತ್ತಾರೆ.

8051 ಮೈಕ್ರೋಕಂಟ್ರೋಲರ್‌ನ ಕಥೆ ಇನ್ನೂ ಸೂಕ್ಷ್ಮ, ಯಾಕೆಂದರೆ ಅಲ್ಲಿ ತಪ್ಪು ದೊಡ್ಡದಾಗಿ ಕಾಣುವುದಿಲ್ಲ. ಸಿಮ್ಯುಲೇಟರ್‌ನಲ್ಲಿ 12 ಮೆಗಾಹರ್ಟ್ಸ್ ಇದ್ದು ಕೋಡ್ 11.0592ಕ್ಕೆ ಬರೆದಿದ್ದರೆ ಎಲ್‌ಇಡಿ ನೋಡಿ ಯಾರಿಗೂ ಗೊತ್ತಾಗುವುದಿಲ್ಲ. 11.0592 ಯಾಕೆ ಅಂದರೆ, ಹಳೆಯ 8051ರಲ್ಲಿ ಮೆಷಿನ್ ಸೈಕಲ್‌ಗೆ 12 ಕ್ಲಾಕ್, ಹಾಗಾಗಿ 12ರಿಂದ ಭಾಗಿಸಿ, ಸೀರಿಯಲ್‌ಗಾಗಿ ಮತ್ತೆ 32ರಿಂದ ಭಾಗಿಸಿದರೆ ಸರಿಯಾಗಿ 28800 ಬರುತ್ತದೆ, ಟೈಮರ್ 1 ಅದನ್ನು 3ರಿಂದ ಭಾಗಿಸಿದರೆ 9600, ಒಂದು ಚೂರೂ ಹೆಚ್ಚುಕಮ್ಮಿ ಇಲ್ಲದೆ. ಅದೇ ಲೆಕ್ಕ 12 ಮೆಗಾಹರ್ಟ್ಸ್‌ಗೆ ಹಾಕಿದರೆ 10417, ಎಂಟೂವರೆ ಶೇಕಡಾ ಜಾಸ್ತಿ, ಸೀರಿಯಲ್ ಕೆಡಲು ಅಷ್ಟು ಸಾಕು. ಗಡಿಯಾರ ಮಾಡಿದ್ದರಂತೂ ಗಂಟೆಗೆ 5 ನಿಮಿಷ ಮುಂದೆ ಓಡುತ್ತದೆ. ಕೈಲ್ ಎಂಬ ತಂತ್ರಾಂಶ ಬಳಸುವವರು ಆಪ್ಷನ್ಸ್ ಫಾರ್ ಟಾರ್ಗೆಟ್‌ನಲ್ಲಿರುವ ಎಕ್ಸ್‌ಟಾಲ್ ಜಾಗ ನೋಡಿ. ಡಿವೈಸ್ ಆರಿಸಿದ ಕೂಡಲೇ ಅಲ್ಲಿ ಒಂದು ಸಂಖ್ಯೆ ತಾನೇ ಬಂದು ಕೂರುತ್ತದೆ, ಅದು ನಿಮ್ಮ ಕ್ರಿಸ್ಟಲ್ ಎಂದುಕೊಳ್ಳಬೇಡಿ. ಅಲ್ಲಿ ಬರೆದಿದ್ದರಿಂದ 8051ರ ಹೆಕ್ಸ್ ಫೈಲ್ ಬದಲಾಗುವುದೂ ಇಲ್ಲ, ಅದು ಸಿಮ್ಯುಲೇಶನ್ ಲೆಕ್ಕಕ್ಕೆ ಮಾತ್ರ.

ವೋಕ್ವಿ ಎಂಬ ಆನ್‌ಲೈನ್ ಸಿಮ್ಯುಲೇಟರ್‌ನಲ್ಲಿ ಯೂನೊ ಬೋರ್ಡ್ ಹಾಕಿದರೆ ಏನೂ ಹೇಳದಿದ್ದರೂ 16 ಮೆಗಾಹರ್ಟ್ಸ್, ಬೇರೆ ಬೇಕಿದ್ದರೆ ಬೋರ್ಡಿನ ಫ್ರೀಕ್ವೆನ್ಸಿ ಆಟ್ರಿಬ್ಯೂಟ್ ಬದಲಿಸಿ. ಸಿಮ್‌ಎವಿಆರ್‌ನಲ್ಲಿ ಓಡಿಸುವಾಗ ಕಮಾಂಡಿನಲ್ಲೇ ಫ್ರೀಕ್ವೆನ್ಸಿ ಕೊಡಬಹುದು.

ಒಂದು ಎಚ್ಚರಿಕೆ ಹೇಳದಿದ್ದರೆ ಉತ್ತರ ಅರ್ಧ ಆಗುತ್ತದೆ. ಸಿಮ್ಯುಲೇಟರ್‌ನಲ್ಲಿ ಕ್ಲಾಕ್ ಎಷ್ಟು ಎಂದು ಬರೆದಿರುತ್ತೀರೋ ಅಷ್ಟೇ, ಕೂದಲೆಳೆಯೂ ಅತ್ತಿತ್ತ ಆಗುವುದಿಲ್ಲ. ನಿಜವಾದ ಚಿಪ್ ಹಾಗಲ್ಲ. 328ಪಿಯ ಒಳಗಿನ 8 ಮೆಗಾಹರ್ಟ್ಸ್ ಆಸಿಲೇಟರ್‌ಗೆ ಡೇಟಾಶೀಟ್ ಕೊಡುವ ಕಾರ್ಖಾನೆ ಕ್ಯಾಲಿಬ್ರೇಶನ್ ನಿಖರತೆ 10 ಶೇಕಡಾ ಹೆಚ್ಚು ಅಥವಾ ಕಡಿಮೆ, ಅದೂ 3 ವೋಲ್ಟ್, 25 ಡಿಗ್ರಿಯಲ್ಲಿ. ಮುಂದೆ ನೀವು ಕ್ರಿಸ್ಟಲ್ ಉಳಿಸಲು ಒಳಗಿನ ಆಸಿಲೇಟರ್ ಇಟ್ಟುಕೊಂಡು ಸೀರಿಯಲ್ ಬರೆದರೆ ಸಿಮ್ಯುಲೇಟರ್‌ನಲ್ಲಿ ಮುತ್ತಿನಂತೆ ಅಕ್ಷರ ಬಂದು ಬೋರ್ಡಿನಲ್ಲಿ ಕೆಡಬಹುದು. ಆಗ ತಪ್ಪು ಸಿಮ್ಯುಲೇಟರ್‌ನದಲ್ಲ, ಓಎಸ್‌ಸಿಸಿಎಎಲ್ ರಿಜಿಸ್ಟರ್ ತಿದ್ದಿ ಆ ಚಿಪ್ಪಿಗೆ ಬೇರೆಯಾಗಿ ಹೊಂದಿಸಬೇಕು, ಇಲ್ಲವೇ ಕ್ರಿಸ್ಟಲ್ ಹಾಕಬೇಕು.

ಈಗ ನಿಮ್ಮ ನಕ್ಷೆಗೆ ವಾಪಸ್ ಹೋಗಿ. ಡಿಲೇ ಮತ್ತೆ 1000 ಮಿಲಿಸೆಕೆಂಡ್, ಟರ್ಮಿನಲ್ 9600, ಫ್ಯೂಸ್ ಹೊರಗಿನ ಕ್ರಿಸ್ಟಲ್‌ಗೆ, ಡಿವೈಡ್ ಬೈ 8 ಆಫ್, ಕ್ಲಾಕ್ ಫ್ರೀಕ್ವೆನ್ಸಿ 16. ಟೈಮರ್ ಪ್ರಯೋಗದಲ್ಲಿ 1000 ಹರ್ಟ್ಸ್ ಬಂದರೆ ಎಲ್‌ಇಡಿ ಮತ್ತು ಸೀರಿಯಲ್ ಎರಡೂ ಒಟ್ಟಿಗೆ ಸರಿಯಾಗುತ್ತವೆ. 125 ಬಂದರೆ ಡಿವೈಡ್ ಬೈ 8 ಇನ್ನೂ ಆನ್ ಇದೆ. ಈ ಎರಡೂ ಅಲ್ಲದ ಸಂಖ್ಯೆ ಬಂದರೆ ಅದನ್ನೇ ನನಗೆ ಬರೆದು ಕಳಿಸಿ, 16000ದಿಂದ ಗುಣಿಸಿ ಚಿಪ್ ಯಾವ ವೇಗದಲ್ಲಿದೆ ಎಂದು ಹೇಳುತ್ತೇನೆ.